ಗೂಗಲ್‌ನಿಂದ ನಮ್ಮ ನಂಬರು, ವಿಳಾಸ ತೆಗೆಸುವ ಫಾರ್ಮ್: ಸೈಬರ್ ಸೆಂಟರ್‌ನವನೊಬ್ಬನ ವಿಮರ್ಶೆ

ದಿನಾ ಫಾರ್ಮ್ ತುಂಬುವುದೇ ನನ್ನ ಕಸುಬು. ತಿಪಟೂರಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಸೈಬರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಜಾತಿ-ಆದಾಯ, ಪಹಣಿ, ಸ್ಕಾಲರ್‌ಶಿಪ್, ಸಿಇಟಿ, ಪಾಸ್‌ಪೋರ್ಟ್, ಏನೇ ಬಂದರೂ ತುಂಬಿಕೊಡುತ್ತೇನೆ. ಹಾಗಾಗಿ ಒಂದು ಫಾರ್ಮ್ ತೆರೆದ ಕೂಡಲೇ, ಇದನ್ನು ಮಾಡಿದವರು ತುಂಬುವವರ ಕಷ್ಟ ನೆನೆಸಿಕೊಂಡು ಮಾಡಿದ್ದಾರಾ, ಇಲ್ಲ ಬಾಸ್ ಹೇಳಿದರು ಅಂತ ಸುಮ್ನೆ ಮಾಡಿ ಬಿಸಾಕಿದ್ದಾರಾ ಎಂದು ಗೊತ್ತಾಗಿಬಿಡುತ್ತದೆ.

ಇಲ್ಲಿ ಹೇಳುತ್ತಿರುವುದು ಗೂಗಲ್‌ನ ಒಂದು ಫಾರ್ಮ್ ಬಗ್ಗೆ. ನಮ್ಮ ಹೆಸರು ಹುಡುಕಿದರೆ ಮೊಬೈಲ್ ನಂಬರು, ಮನೆ ವಿಳಾಸ, ಇಮೇಲ್ ಎಲ್ಲ ಕಾಣಿಸುತ್ತಿದ್ದರೆ, ಆ ಫಲಿತಾಂಶ ತೆಗೆಯಿರಿ ಎಂದು ಕೇಳುವ ಫಾರ್ಮ್ ಅದು. ಗೂಗಲ್ ಸರ್ಚ್‌ನ ಸಹಾಯ ಪುಟಗಳಲ್ಲಿ ಸಿಗುತ್ತದೆ. ಫೀಸಿಲ್ಲ. ಓಟಿಪಿ ಇಲ್ಲ. ಆಧಾರ್ ಕೇಳುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಟ್ ಮಾಡಿದೆ ಅನ್ನುವುದೂ ಮುಂದೆ ಬರುತ್ತದೆ.

ಮೊದಲು ಇದಕ್ಕೆ ಇಷ್ಟು ಬಲ ಇರಲಿಲ್ಲ. ಬ್ಯಾಂಕ್ ಅಕೌಂಟ್ ನಂಬರು, ಕ್ರೆಡಿಟ್ ಕಾರ್ಡ್ ನಂಬರು, ಸರ್ಕಾರಿ ಗುರುತಿನ ಸಂಖ್ಯೆ, ಸಹಿಯ ಚಿತ್ರ, ಆಸ್ಪತ್ರೆ ದಾಖಲೆ, ಇಂಥವನ್ನು ತೆಗೆಯುತ್ತಿದ್ದರು. ಬರೀ ಫೋನ್ ನಂಬರು, ವಿಳಾಸ ಅಂದರೆ ಜೊತೆಗೆ ಬೆದರಿಕೆಯೂ ಇರಬೇಕಿತ್ತು. 2022ರ ಏಪ್ರಿಲ್‌ನಲ್ಲಿ ನಿಯಮ ಸಡಿಲ ಮಾಡಿದರು. ಈಗ ಬೆದರಿಕೆ ಇಲ್ಲದಿದ್ದರೂ, ನನ್ನ ನಂಬರು ಅಲ್ಲಿ ಕಾಣುವುದು ನನಗೆ ಬೇಡ ಎಂದು ಯಾರು ಬೇಕಾದರೂ ಕೇಳಬಹುದು.

ನಾನು ಇದನ್ನು ಸರಿಯಾಗಿ ಕಲಿತದ್ದು ಒಬ್ಬ ಮೇಡಂಗೋಸ್ಕರ. ಸರ್ಕಾರಿ ನೌಕರಿಯಲ್ಲಿರುವವರು. ಯಾವ ಇಲಾಖೆ, ಯಾವ ಊರು ಎಂದು ಬರೆಯುವುದಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರಿಗೆ ಓದಿಸಿ, ಅವರು ಸರಿ ಅಂದ ಮೇಲೇ ಇದನ್ನು ಹಾಕುತ್ತಿದ್ದೇನೆ.

ಹಿಂದೆ ಪರಿಚಯವಿದ್ದ ಒಬ್ಬ ಅವರ ಬೆನ್ನು ಬಿಟ್ಟಿರಲಿಲ್ಲ. ಬೇಡ ಎಂದು ಹೇಳಿಯಾಗಿತ್ತು, ಮನೆಯವರೂ ಹೇಳಿಯಾಗಿತ್ತು. ಅವರು ಸಿಮ್ ಬದಲಿಸಿದರು. ವರ್ಗಾವಣೆ ತಗೊಂಡು ತಮ್ಮನ ಮನೆಯ ಕೆಳಗಿನ ಪೋರ್ಷನ್‌ಗೆ ಬಂದರು. ಆದರೂ ಹೊಸ ನಂಬರಿಗೆ ಅವನ ಮೆಸೇಜ್ ಬಂತು. ಯಾರು ಕೊಟ್ಟರು ಎಂದು ಮನೆಯಲ್ಲಿ ಒಬ್ಬರ ಮೇಲೊಬ್ಬರು ಅನುಮಾನ ಪಟ್ಟಿದ್ದಾರೆ. ನಮ್ಮ ಅಂಗಡಿಗೆ ಬಂದಿದ್ದು ಯಾವುದೋ ಅರ್ಜಿ ಪ್ರಿಂಟ್‌ಗೆ. ಮಾತಿಗೆ ಮಾತು ಬಂದು, ಅವರ ಹೆಸರು ಟೈಪ್ ಮಾಡಿ ನೋಡಿದೆವು. ಯಾರೂ ಕೊಟ್ಟಿರಲಿಲ್ಲ. ಮೊದಲ ಪುಟದಲ್ಲೇ ಇತ್ತು.

"ಅಣ್ಣ, ಇದನ್ನ ಈಗಲೇ ತೆಗೆಸೋಕೆ ಆಗುತ್ತಾ?" ಅಂದರು.

ಆಗುತ್ತೆ ಮೇಡಂ, ಆದರೆ ಈಗಲೇ ಬೇಡ ಅಂದೆ.

ಇದೇ ನಾನು ಹೇಳಬೇಕಾದ ಮುಖ್ಯ ವಿಷಯ. ಫಾರ್ಮ್ ಒಳ್ಳೆಯದೇ. ಆದರೆ ಯಾವುದರ ನಂತರ ಯಾವುದು ಅನ್ನುವುದು ತಪ್ಪಿದರೆ, ಒಳ್ಳೆಯ ಫಾರ್ಮ್‌ನಿಂದಲೇ ನಷ್ಟ ಆಗಬಹುದು. ಬೆನ್ನು ಹತ್ತಿದವನು ಇರುವಾಗ ಆ ಫಲಿತಾಂಶಗಳೇ ಸಾಕ್ಷಿ. ಅವನಿಗೆ ನಂಬರು ಹೇಗೆ ಸಿಕ್ಕಿರಬಹುದು ಎಂದು ನಾಳೆ ಪೊಲೀಸರು ಕೇಳಿದಾಗ, ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ವಾ. ಅದಕ್ಕೆ ಮೊದಲು ಪ್ರತಿ ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದೆವು. ಮೇಲೆ ಲಿಂಕ್ ತೋರಿಸುವ ಅಡ್ರೆಸ್ ಬಾರ್ ಪೂರ್ತಿ ಕಾಣುವಂತೆ, ಕೆಳಗೆ ಕಂಪ್ಯೂಟರಿನ ದಿನಾಂಕ, ಗಂಟೆ ಕಾಣುವಂತೆ. ಪಿಡಿಎಫ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿದೆವು. ಎಲ್ಲದರ ಪ್ರಿಂಟ್ ಒಂದು ಸೆಟ್. ಅವನ ಮೆಸೇಜ್‌ಗಳನ್ನು ಬ್ಲಾಕ್ ಮಾಡುವ ಮೊದಲು ಅವುಗಳದ್ದೂ.

ಆ ಸೆಟ್ ಹಿಡಿದುಕೊಂಡು ಅವರು ತಮ್ಮನ ಜೊತೆ ಹೋಗಿ ದೂರು ಕೊಟ್ಟು ಬಂದರು. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೆನ್ ಠಾಣೆ ಅಂತ ಇವೆ, ಸೈಬರ್ ಅಪರಾಧ ನೋಡಿಕೊಳ್ಳುವವು. ಬೇಡ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಹೆಣ್ಣುಮಗಳನ್ನು ಹಿಂಬಾಲಿಸುವುದು, ಮತ್ತೆ ಮತ್ತೆ ಸಂಪರ್ಕ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಅವಳು ಇಂಟರ್ನೆಟ್‌ನಲ್ಲಿ ಏನು ಮಾಡುತ್ತಾಳೆ ಎಂದು ಕಣ್ಣಿಟ್ಟು ನೋಡುವುದೂ ಅದರಲ್ಲೇ ಬರುತ್ತದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು. ಬಾಗಿಲ ಹತ್ತಿರವೇ ಬಂದು ನಿಂತಿದ್ದರೆ ಫಾರ್ಮ್ ಗೀರ್ಮ್ ಎಲ್ಲ ಆಮೇಲೆ, ಮೊದಲು 112.

ದೂರು ಕೊಟ್ಟು ಬಂದ ಮೇಲೆ ಫಾರ್ಮ್‌ಗೆ ಕೂತೆವು. ಸಿಕ್ಕಿದ್ದು ಮೂರು ಬಗೆಯ ಪುಟಗಳು. ಒಂದು, ಬಾಡಿಗೆ ಜಾಹೀರಾತು. ಮೇಲಿನ ಪೋರ್ಷನ್ ಬಾಡಿಗೆಗೆ ಇದೆ ಎಂದು ಅವರ ತಮ್ಮ, ಮೇಡಂ ಹೆಸರು, ನಂಬರು ಕೊಟ್ಟು ಹಾಕಿದ್ದು. ಗೇಟಿನ ಫೋಟೋ ಸಮೇತ. ಅದನ್ನು ಇನ್ನೊಂದು ಸೈಟು ಕಾಪಿ ಹೊಡೆದು ಇಟ್ಟುಕೊಂಡಿತ್ತು. ಎರಡು, ಅವರ ಸಮಾಜದ ಸಂಘದ ಸದಸ್ಯರ ಡೈರೆಕ್ಟರಿ. ಮೂರು, ಇಲಾಖೆಯ ಜ್ಯೇಷ್ಠತಾ ಪಟ್ಟಿ.

ಈಗ ಫಾರ್ಮ್ ಬಗ್ಗೆ. ಶುರುವಿನಲ್ಲೇ ಒಂದು ಪ್ರಶ್ನೆ ಕೇಳುತ್ತದೆ: ಆ ವೆಬ್‌ಸೈಟಿನವರನ್ನು ಸಂಪರ್ಕಿಸಿದ್ದೀರಾ? ಹೌದು, ಇಲ್ಲ ಅನ್ನುವ ಎರಡೇ ಉತ್ತರ ಇಟ್ಟು, ಇಲ್ಲ ಅಂದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದು ವಾಪಸ್ ಕಳಿಸಬಹುದಿತ್ತು. ನಾನು ನೋಡಿರುವ ಅರ್ಧ ಫಾರ್ಮ್‌ಗಳು ಹಾಗೇ. ಇಲ್ಲಿ ಮೂರನೆಯದೊಂದು ಇದೆ: ಇಲ್ಲ, ಸಂಪರ್ಕಿಸಲು ನನಗೆ ಇಷ್ಟವಿಲ್ಲ. ಅದನ್ನು ಆರಿಸಿದರೂ ಫಾರ್ಮ್ ಮುಂದಕ್ಕೆ ಹೋಗುತ್ತದೆ. ಇದರ ಬೆಲೆ ನಮ್ಮಂಥ ಸಣ್ಣ ಊರಿನವರಿಗೆ ಗೊತ್ತು. ಸೈಟ್ ನಡೆಸುವವನು ಅವನ ಗೆಳೆಯನೇ ಆಗಿರಬಹುದು. ತೆಗೆಯಿರಿ ಎಂದು ಕೇಳಿದ್ದೇ ಸಂಜೆಯೊಳಗೆ ಅವನ ಕಿವಿಗೆ ಬೀಳಬಹುದು. ಇದನ್ನು ಯೋಚಿಸಿದವರು ಯಾರೋ ಆ ಟೀಮ್‌ನಲ್ಲಿ ಇದ್ದಾರೆ. ಆ ಒಂದು ಆಯ್ಕೆಗೇ ಒಂದು ಸ್ಟಾರ್.

ಮುಂದೆ ಇನ್ನೊಂದು ಪ್ರಶ್ನೆ: ಇದನ್ನು ಬೆದರಿಸುವ, ಕಿರುಕುಳ ಕೊಡುವ ಉದ್ದೇಶದಿಂದ ಹಾಕಿದ್ದಾರಾ? ಇಲ್ಲಿ ಮೇಡಂ ತಕ್ಷಣ ಹೌದು ಅಂದರು. ಅವರ ದೃಷ್ಟಿಯಿಂದ ಸರಿಯೇ. ಆದರೆ ಪ್ರಶ್ನೆ ಇರುವುದು ಆ ಪುಟದ ಬಗ್ಗೆ. ಪುಟದಲ್ಲೇ ಬೆದರಿಕೆ ಇದೆಯಾ, ಇವರಿಗೆ ಫೋನ್ ಮಾಡಿ ಕಾಡಿಸಿ ಎಂದು ಜನರನ್ನು ಎತ್ತಿಕಟ್ಟಿದ್ದಾರಾ ಎಂದು. ಬಾಡಿಗೆ ಜಾಹೀರಾತಿನಲ್ಲಿ ಅಂಥದ್ದೇನೂ ಇರಲಿಲ್ಲ. ಇಲ್ಲ ಎಂದೇ ಹಾಕಿದೆವು. ಸಾಮಾನ್ಯ ಸಂಪರ್ಕ ವಿವರ ಎಂದರೂ ತೆಗೆಯುವ ನಿಯಮ ಇರುವಾಗ ಜೋರು ಮಾಡುವ ಅಗತ್ಯ ಇಲ್ಲ. ಕೆಳಗೆ ವಿವರಣೆಯ ಬಾಕ್ಸ್ ಇದೆ. ಅಲ್ಲಿ ನಾಲ್ಕು ಸಾಲು ಬರೆದರೆ ಸಾಕು: ಒಬ್ಬ ವ್ಯಕ್ತಿ ಹಿಂಬಾಲಿಸುತ್ತಿದ್ದಾನೆ, ಪೊಲೀಸ್ ದೂರು ಕೊಟ್ಟಿದ್ದೇವೆ, ಈ ಪುಟದಲ್ಲಿ ಈಗಿನ ಮನೆ ಮತ್ತು ನಂಬರು ಇದೆ.

ಜನ ಎಡವುವ ಜಾಗ ಲಿಂಕ್‌ಗಳದ್ದು. ಎರಡು ಬಗೆಯ ವಿಳಾಸ ಕೇಳುತ್ತದೆ. ಒಂದು, ನಂಬರು ಇರುವ ಪುಟದ್ದು. ಇನ್ನೊಂದು, ಗೂಗಲ್‌ನಲ್ಲಿ ಹೆಸರು ಹುಡುಕಿದಾಗ ಬಂದ ಫಲಿತಾಂಶದ ಪುಟದ್ದು. ಇವೆರಡನ್ನು ಅದಲು ಬದಲು ಹಾಕಿದರೆ ಅರ್ಜಿ ಹಾಕಿಯೂ ಹಾಕದ ಹಾಗೆ. ಮೊಬೈಲಿನಲ್ಲಿ ಇನ್ನೂ ಕಷ್ಟ. ಪಿಡಿಎಫ್ ಒತ್ತಿದರೆ ನೇರ ಡೌನ್‌ಲೋಡ್ ಆಗಿ ಬೇರೆ ಆಪ್‌ನಲ್ಲಿ ತೆರೆದುಕೊಳ್ಳುತ್ತದೆ, ಲಿಂಕ್ ಎಲ್ಲೂ ಕಾಣುವುದಿಲ್ಲ. ಆಗ ಫಲಿತಾಂಶದ ತಲೆಬರಹವನ್ನು ಒತ್ತಿ ಹಿಡಿದು ಲಿಂಕ್ ಕಾಪಿ ಮಾಡಬೇಕು. ಒಂದು ಸಾಲಿಗೆ ಒಂದೇ ಲಿಂಕ್. ಒಂದೇ ಫಾರ್ಮ್‌ನಲ್ಲಿ ಎಷ್ಟೋ ಲಿಂಕ್ ಹಾಕಬಹುದು, ಸಾವಿರದವರೆಗೆ ಬಿಡುತ್ತದೆ. ಫೋಟೋ ಬೇರೆ, ಪುಟ ಬೇರೆ. ಗೇಟಿನ ಫೋಟೋ ಇಮೇಜ್ ಸರ್ಚ್‌ನಲ್ಲೂ ಬರುತ್ತಿತ್ತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಫೋಟೋದ ವಿಳಾಸವನ್ನೇ ಬೇರೆಯಾಗಿ ಹಾಕಬೇಕಾಯಿತು.

ಆಮೇಲೆ ಸರ್ಚ್ ಪದಗಳು. ಇದು ಬಹಳ ಮುಖ್ಯ, ನಮ್ಮ ಕನ್ನಡದ ಹೆಸರುಗಳಿಗಂತೂ ಇನ್ನೂ ಜಾಸ್ತಿ. ಯಾಕೆಂದರೆ ಗೂಗಲ್ ಎರಡು ರೀತಿ ತೆಗೆಯುತ್ತದೆ. ಕೆಲವು ಪುಟ ಏನೇ ಹುಡುಕಿದರೂ ಬರದಂತೆ ಪೂರ್ತಿ ತೆಗೆಯುತ್ತದೆ. ಕೆಲವನ್ನು ನಮ್ಮ ಹೆಸರು ಹಾಕಿ ಹುಡುಕಿದಾಗ ಮಾತ್ರ ಬರದಂತೆ ಮಾಡುತ್ತದೆ. ಒಂದೇ ಪುಟದಲ್ಲಿ ಬೇರೆಯವರ ವಿಷಯವೂ ಇದ್ದರೆ ಹೀಗೆ ಮಾಡುವುದು ನ್ಯಾಯವೇ. ಆದರೆ ನಮ್ಮ ಹೆಸರು ಯಾವುದು ಎಂದು ಅದಕ್ಕೆ ಹೇಳುವವರು ನಾವೇ ತಾನೇ? ಸುಜಾತ ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಕೊನೆಗೆ ಟಿ-ಎಚ್-ಎ ಹಾಕುವವರಿದ್ದಾರೆ, ಬರೀ ಟಿ-ಎ ಹಾಕುವವರಿದ್ದಾರೆ. ಇನಿಷಿಯಲ್ ಹಿಂದೆ ಇರುತ್ತದೆ, ಮುಂದೆ ಇರುತ್ತದೆ, ಚುಕ್ಕಿ ಇದ್ದೂ ಇರುತ್ತದೆ, ಇಲ್ಲದೆಯೂ ಇರುತ್ತದೆ. ಮದುವೆಗೆ ಮುಂಚೆ ಅಪ್ಪನ ಹೆಸರು, ಆಮೇಲೆ ಗಂಡನ ಹೆಸರು. ಕನ್ನಡ ಲಿಪಿಯಲ್ಲಿ ಕೊನೆಗೆ ದೀರ್ಘ ಒಮ್ಮೆ ಇದೆ, ಒಮ್ಮೆ ಇಲ್ಲ. ಹೆಸರಿನ ಜೊತೆ ಊರು, ಹೆಸರಿನ ಜೊತೆ ಇಲಾಖೆ, ಇವೂ ಇವೆ. ಮೇಡಂ ಮತ್ತು ಅವರ ತಮ್ಮ ಕೂತು ಒಂದು ಹಾಳೆಯಲ್ಲಿ ಎಲ್ಲ ಬರೆದರು. ಪ್ರತಿಯೊಂದನ್ನೂ ಹುಡುಕಿ ನೋಡಿ, ಫಲಿತಾಂಶ ಬಂದದ್ದನ್ನೆಲ್ಲ ಫಾರ್ಮ್‌ಗೆ ಹಾಕಿದೆ. ಈ ಕೆಲಸಕ್ಕೆ ಹಿಡಿದಷ್ಟು ಹೊತ್ತು ಉಳಿದ ಫಾರ್ಮ್‌ಗೆಲ್ಲ ಸೇರಿಯೂ ಹಿಡಿಯಲಿಲ್ಲ.

ಕೊನೆಗೆ ಸಹಿ ಅಂದರೆ ಪೂರ್ತಿ ಹೆಸರು ಟೈಪ್ ಮಾಡುವುದು. ಕಳಿಸಿದ ಕೂಡಲೇ ಸಿಕ್ಕಿತು ಎಂದು ಒಂದು ಮೇಲ್. ಆಮೇಲೆ ಪರಿಶೀಲನೆ ಮುಗಿದ ಮೇಲೆ ಇನ್ನೊಂದು. ಬಾಡಿಗೆ ಜಾಹೀರಾತು ಮತ್ತು ಅದರ ಕಾಪಿ, ಎರಡೂ ಕೆಲವೇ ದಿನದಲ್ಲಿ ಹೋದವು. ಗೇಟಿನ ಫೋಟೋ ಕೂಡ. ಮೇಡಂ ನಮ್ಮ ಅಂಗಡಿಯಲ್ಲೇ ತಮ್ಮ ಹೆಸರನ್ನು ಹುಡುಕಿ ನೋಡಿ, ಇನ್ನೊಂದು ಸ್ಪೆಲಿಂಗ್‌ನಲ್ಲಿ ನೋಡಿ, ಮತ್ತೆ ಮೊದಲನೆಯದರಲ್ಲೇ ನೋಡಿದರು.

ಹಾಗಂತ ಆ ಜಾಹೀರಾತು ಸತ್ತಿಲ್ಲ. ಗೂಗಲ್ ತೆಗೆದದ್ದು ಊರಿಗೆ ದಾರಿ ತೋರಿಸುವ ಬೋರ್ಡನ್ನು, ಊರು ಅಲ್ಲೇ ಇರುತ್ತದೆ. ಲಿಂಕ್ ಗೊತ್ತಿರುವವನು ನೇರ ಹೋಗಿ ನೋಡಬಹುದು. ಅದಕ್ಕೆ ತಮ್ಮನಿಂದ ಲಾಗಿನ್ ಮಾಡಿಸಿ ಜಾಹೀರಾತನ್ನೇ ಡಿಲೀಟ್ ಮಾಡಿಸಿದೆವು. ಕಾಪಿ ಹೊಡೆದ ಸೈಟಿನಲ್ಲಿ ಇಮೇಲ್ ಇಲ್ಲ, ಫೋನ್ ಇಲ್ಲ, ಯಾರೂ ಇಲ್ಲ. ಇಂಥ ಸೈಟುಗಳಲ್ಲಿ ಇನ್ನೊಂದು ಜಾತಿ ಇದೆ, ತೆಗೆಯಬೇಕಾದರೆ ದುಡ್ಡು ಕೊಡಿ ಅನ್ನುವವು. ಅಂಥವಕ್ಕೆ ಗೂಗಲ್‌ನಲ್ಲಿ ಪ್ರತ್ಯೇಕ ನಿಯಮವೇ ಇದೆ. ಫಾರ್ಮ್‌ನಲ್ಲಿ ಆ ಆಯ್ಕೆ ಮಾಡಿ, ದುಡ್ಡು ಕೇಳಿದ ಪುಟದ ಲಿಂಕ್ ಕೊಟ್ಟರೆ ಸಾಕು. ಒಂದು ಪೈಸೆಯೂ ಕೊಡಬೇಡಿ.

ಎರಡನೆಯದು, ಸಂಘದ ಡೈರೆಕ್ಟರಿ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಅದರ ಹಿಂಭಾಗದಲ್ಲಿ ಸದಸ್ಯರ ಪಟ್ಟಿ. ಹೆಸರು, ಮನೆ ನಂಬರು, ಬಡಾವಣೆ, ಮೊಬೈಲ್, ಮಕ್ಕಳ ಹೆಸರು, ಅವರ ಓದು. ಪ್ರಿಂಟ್ ಮಾಡಿ ಹಂಚಿದ್ದಷ್ಟೇ ಆಗಿದ್ದರೆ ಸಮಸ್ಯೆ ಇರಲಿಲ್ಲ. ಪಿಡಿಎಫ್ ಮಾಡಿ ವೆಬ್‌ಸೈಟಿಗೂ ಹಾಕಿದ್ದರು. ವಿಚಿತ್ರ ಏನೆಂದರೆ, ಇವರ ಅಪ್ಪನ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಈ ಪಿಡಿಎಫ್ ಬರುತ್ತಿರಲಿಲ್ಲ. ಅಪ್ಪನ ಮೊಬೈಲ್ ನಂಬರು ಹುಡುಕಿದರೆ ಬರುತ್ತಿತ್ತು!

ಡಿಟಿಪಿ ಮಾಡುವವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಸಂಚಿಕೆಯನ್ನು 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಗೂಗಲ್‌ಗೆ ಕನ್ನಡವಾಗಿಯೇ ಓದಲು ಬರುವ ಯೂನಿಕೋಡ್‌ನಲ್ಲಿ ಅಲ್ಲ. ಕಣ್ಣಿಗೆ ಕನ್ನಡ, ಫೈಲಿನ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ಹೆಸರು ಗೂಗಲ್‌ಗೆ ಓದಲು ಬರಲಿಲ್ಲ. ಅಂಕಿಗಳು ಮಾತ್ರ ಅಂಕಿಗಳಾಗಿಯೇ ಉಳಿದಿವೆ. ಅಂದರೆ ಹೆಸರು ಹುಡುಕಿ, ಏನೂ ಬರಲಿಲ್ಲ, ಸದ್ಯ ಎಂದು ಸುಮ್ಮನಾಗಬೇಡಿ. ನಂಬರನ್ನೂ ಹುಡುಕಿ. ಬರೀ ಹತ್ತು ಅಂಕಿ ಒಮ್ಮೆ, ಐದು ಅಂಕಿಯಾದ ಮೇಲೆ ಜಾಗ ಬಿಟ್ಟು ಒಮ್ಮೆ, ಮುಂದೆ 91 ಸೇರಿಸಿ ಒಮ್ಮೆ. ಅಪ್ಪನ ಹಳೇ ನಂಬರು ಅವನಿಗೆ ಗೊತ್ತಿತ್ತು. ಅದರಿಂದ ತವರುಮನೆ ವಿಳಾಸ ಸಿಗುತ್ತಿತ್ತು.

ಅಪ್ಪನ ಪರವಾಗಿ ಇವರೇ ಫಾರ್ಮ್ ಹಾಕಬಹುದು, ಬೇರೆಯವರ ಪರವಾಗಿ ಎಂದು ಹೇಳಿ. ಆದರೆ ಇಲ್ಲಿ ನೇರ ದಾರಿಯೇ ಸುಲಭ ಇತ್ತು. ಸಂಘದ ಕಾರ್ಯದರ್ಶಿ ಅಪ್ಪನಿಗೆ ಪರಿಚಯ. ಬೆನ್ನು ಹತ್ತಿದವನಿಗೂ ಸಂಘಕ್ಕೂ ಯಾವ ನಂಟೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಅಪ್ಪನೇ ಫೋನ್ ಮಾಡಿದರು. "ಎಲ್ಲರಿಗೂ ಸಂಪರ್ಕಕ್ಕೆ ಅನುಕೂಲ ಆಗ್ಲಿ ಅಂತ ಹಾಕಿದ್ವಿ ಸ್ವಾಮಿ, ಇದರಲ್ಲೇನು ತಪ್ಪು?" ಅಂದರಂತೆ ಆ ಕಡೆಯಿಂದ. ಅಪ್ಪ ವಿಷಯ ಹೇಳಲಿಲ್ಲ. ಬ್ಯಾಂಕ್ ವಂಚಕರ ಫೋನ್ ಜಾಸ್ತಿ ಆಗಿದೆ, ಸದಸ್ಯರೆಲ್ಲರ ನಂಬರು ಅವರ ಕೈಗೆ ಸಿಗುತ್ತಿದೆ ಅಂದರು. ಅದೂ ಸುಳ್ಳಲ್ಲ. ಆ ಮಾತು ಕೆಲಸ ಮಾಡಿತು, ಪಟ್ಟಿಯ ಪುಟಗಳನ್ನೇ ತೆಗೆದು ಉಳಿದ ಸಂಚಿಕೆಯನ್ನು ಮತ್ತೆ ಹಾಕಿದರು.

ಮೂರನೆಯದರಲ್ಲಿ ನನ್ನ ಒಂದು ಸ್ಟಾರ್ ಹೋಯಿತು. ಜ್ಯೇಷ್ಠತಾ ಪಟ್ಟಿ ಎಂದರೆ ಸರ್ಕಾರಿ ನೌಕರರಿಗೆ ಪ್ರಾಣ. ಹೆಸರು, ಹುಟ್ಟಿದ ದಿನಾಂಕ, ಸೇವೆಗೆ ಸೇರಿದ ದಿನಾಂಕ, ಕೆಲಸ ಮಾಡುವ ಜಾಗ. ಯಾರು ಯಾರಿಗಿಂತ ಮುಂದೆ ಎಂದು ಎಲ್ಲರಿಗೂ ಕಾಣಬೇಕು, ಆಕ್ಷೇಪಣೆ ಹಾಕಲು ಅವಕಾಶ ಇರಬೇಕು. ಅದಕ್ಕೆ ಬಹಿರಂಗವಾಗಿ ಹಾಕುತ್ತಾರೆ, ಹಾಕಲೇಬೇಕು. ಆದರೆ ಯಾರೋ ಪುಣ್ಯಾತ್ಮರು ಎಕ್ಸೆಲ್‌ನಲ್ಲಿದ್ದ ಮೊಬೈಲ್ ಕಾಲಂ ತೆಗೆಯದೇ ಹಾಗೇ ಪಿಡಿಎಫ್ ಮಾಡಿದ್ದರು. ಹೊಸ ನಂಬರು, ಹೊಸ ಊರು, ಎರಡೂ ಒಂದೇ ಸಾಲಿನಲ್ಲಿ.

ಸರ್ಕಾರಿ ಸೈಟಿನಲ್ಲಿರುವುದು, ಸುದ್ದಿಯಲ್ಲಿ ಬಂದದ್ದು, ಸಾರ್ವಜನಿಕ ದಾಖಲೆ, ಇವನ್ನು ಗೂಗಲ್ ತನ್ನ ಈ ನಿಯಮದಲ್ಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮುಚ್ಚಿಟ್ಟಿಲ್ಲ, ಹಾಗೆಂದು ಮೊದಲೇ ಬರೆದಿದ್ದಾರೆ. ಒಪ್ಪುತ್ತೇನೆ, ಇಲ್ಲದಿದ್ದರೆ ಲಂಚ ತಿಂದು ಸಿಕ್ಕಿಬಿದ್ದವನೂ ನನ್ನ ವೈಯಕ್ತಿಕ ವಿಷಯ ಎಂದು ಫಾರ್ಮ್ ಹಾಕುತ್ತಾನೆ. ಆದರೆ ನಮ್ಮ ದೇಶದಲ್ಲಿ ಪಟ್ಟಿಗಳ ಸುಗ್ಗಿ. ವರ್ಗಾವಣೆ ಪಟ್ಟಿ, ಫಲಾನುಭವಿಗಳ ಪಟ್ಟಿ, ಆಯ್ಕೆ ಪಟ್ಟಿ, ತಿರಸ್ಕೃತರ ಪಟ್ಟಿ. ಇಲ್ಲಿ ಜನರ ನಂಬರು ಜಾಸ್ತಿ ಸೋರುವುದೇ ಇವುಗಳಿಂದ. ಪಟ್ಟಿ ಇರಲಿ, ಮೊಬೈಲ್ ಕಾಲಂ ಇರುವ ಪುಟ ಮಾತ್ರ ಹೆಸರಿಗೆ ಬರದಿರಲಿ ಎಂದು ಕೇಳಲು ಫಾರ್ಮ್‌ನಲ್ಲಿ ಒಂದು ಬೇರೆ ಸಾಲು ಇದ್ದಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ.

ಹಾಗಾಗಿ ನಮ್ಮ ಹಳೇ ವಿದ್ಯೆ ತೆಗೆದೆ. ಇವರಿಗೆ, ಇವರಿಂದ, ಮಾನ್ಯರೆ, ವಿಷಯ. ಒಂದು ಮನವಿ ಪತ್ರ. ಪಟ್ಟಿಯ ಬಗ್ಗೆ ಆಕ್ಷೇಪಣೆ ಇಲ್ಲ, ಮೊಬೈಲ್ ಸಂಖ್ಯೆಯ ಕಾಲಂ ಜ್ಯೇಷ್ಠತೆಗೆ ಬೇಕಿಲ್ಲ, ಸುರಕ್ಷತೆಯ ಕಾರಣಕ್ಕೆ ಅದನ್ನು ಕೈಬಿಟ್ಟು ಮರುಪ್ರಕಟಿಸಬೇಕು. ಜೊತೆಗೆ ಪೊಲೀಸ್ ದೂರಿನ ಸ್ವೀಕೃತಿಯ ಜೆರಾಕ್ಸ್. ಎರಡು ಪ್ರತಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬರಲು ಹೇಳಿದೆ.

ಕಚೇರಿಯವರು ಸ್ಪಂದಿಸಿದರು, ಆದರೆ ಮೊದಲ ಸಲ ಮಾಡಿದ್ದು ನೋಡಿ: ಪಿಡಿಎಫ್‌ನಲ್ಲಿ ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದಾರೆ. ನೋಡಲು ಚೆನ್ನಾಗಿಯೇ ಇತ್ತು. ನಾನು ಮೌಸ್ ಎಳೆದು ಆ ಕಪ್ಪು ಜಾಗ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದೆ. ಹತ್ತೂ ಅಂಕಿ ಬಂದು ಕೂತವು. ಮೇಲೆ ಬಣ್ಣ ಬಳಿದರೆ ಕೆಳಗಿನ ಅಕ್ಷರ ಹೋಗುವುದಿಲ್ಲ. ಕಣ್ಣಿಗೆ ಕಾಣದಿದ್ದರೂ ಗೂಗಲ್ ಅದನ್ನು ಓದುತ್ತದೆ. ಎಕ್ಸೆಲ್‌ನಲ್ಲೇ ಕಾಲಂ ಡಿಲೀಟ್ ಮಾಡಿ ಹೊಸದಾಗಿ ಪಿಡಿಎಫ್ ಮಾಡಬೇಕು. ಅದನ್ನು ವಿಷಯ ನಿರ್ವಾಹಕರಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಪಾಪ, ಅವರ ನಂಬರೂ ಅದೇ ಪಟ್ಟಿಯಲ್ಲಿತ್ತು. ಬೇಗ ಮಾಡಿದರು.

ಸೈಟಿನಲ್ಲಿ ಬದಲಾದ ತಕ್ಷಣ ಗೂಗಲ್‌ನಲ್ಲಿ ಬದಲಾಗುವುದಿಲ್ಲ. ಹಳೇ ಸಾಲು ಫಲಿತಾಂಶದ ಕೆಳಗೆ ಸ್ವಲ್ಪ ಕಾಲ ಹಾಗೇ ಕಾಣುತ್ತಿರುತ್ತದೆ. ಇದಕ್ಕೆ ಬೇರೆ ಟೂಲ್ ಇದೆ, ಹಳತಾದ ಮಾಹಿತಿ ರಿಫ್ರೆಶ್ ಮಾಡಿಸುವುದು. ಗೂಗಲ್ ಅಕೌಂಟ್ ಇರುವ ಯಾರು ಬೇಕಾದರೂ ಬಳಸಬಹುದು, ಸೈಟು ನಮ್ಮದೇ ಆಗಿರಬೇಕಿಲ್ಲ. ಪುಟದ ಲಿಂಕ್ ಕೊಟ್ಟು, ಮೊದಲು ಇದ್ದು ಈಗ ಇಲ್ಲದ ಒಂದು ಪದ ಹೇಳಬೇಕು. ನಂಬರನ್ನೇ ಕೊಟ್ಟೆ. ಕಪ್ಪು ಪಟ್ಟಿಯ ಫೈಲಿಗೇ ಇದನ್ನು ಹಾಕಿದ್ದರೆ ದಂಡ. ನಂಬರು ಫೈಲಿನ ಒಳಗೆ ಇನ್ನೂ ಇದ್ದುದರಿಂದ, ಏನೂ ಬದಲಾಗಿಲ್ಲವಲ್ಲ ಎನ್ನುತ್ತಿತ್ತು. ಸಂಘದ ಸಂಚಿಕೆಗೂ ಇದೇ ಟೂಲ್ ಬಳಸಿದೆವು. ನನ್ನ ಕೇಳಿದರೆ, ದೊಡ್ಡ ಫಾರ್ಮ್‌ಗಿಂತ ಈ ಪುಟ್ಟ ಟೂಲ್ ಬಗ್ಗೆ ಜನಕ್ಕೆ ಗೊತ್ತಾಗಬೇಕು.

ಗೂಗಲ್ ಒಂದೇ ಅಲ್ಲ. ಬಿಂಗ್‌ಗೆ ಅದರದ್ದೇ ಬೇರೆ ಫಾರ್ಮ್. ಯಾಹೂ, ಡಕ್‌ಡಕ್‌ಗೋ ಬಹುಪಾಲು ಬಿಂಗ್‌ನ ಫಲಿತಾಂಶವನ್ನೇ ತೋರಿಸುವುದರಿಂದ ಅಲ್ಲಿ ಹೋದರೆ ಇಲ್ಲೂ ಹೋಗುತ್ತದೆ. ಟ್ರೂಕಾಲರ್‌ನಲ್ಲಿ ಹೆಸರು ಕಾಣಬಾರದು ಅಂದರೆ ಮೊದಲು ಆಪ್‌ನಲ್ಲಿ ಅಕೌಂಟ್ ಡಿಆಕ್ಟಿವೇಟ್ ಮಾಡಿ, ಆಮೇಲೆ ಅವರ ಸೈಟಿನಲ್ಲಿ ಅನ್‌ಲಿಸ್ಟ್ ಮಾಡಬೇಕು. ಖಾಸಗಿ ಫೋಟೋ, ವಿಡಿಯೋದ ಬೆದರಿಕೆ ಇದ್ದರೆ ದಾರಿಯೇ ಬೇರೆ: ಸ್ಟಾಪ್‌ಎನ್‌ಸಿಐಐ ಎಂಬ ಸೈಟಿದೆ. ಫೋಟೋ ಎಲ್ಲಿಗೂ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರ ಒಂದು ಡಿಜಿಟಲ್ ಗುರುತು ಮಾಡಿ, ಆ ಗುರುತನ್ನು ಮಾತ್ರ ಕಂಪನಿಗಳಿಗೆ ಕೊಡುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಇದೆಲ್ಲ ಹೇಳಿದರೆ ನಕ್ಕಳು. ಅಲ್ಲಿ ಹೆಸರು, ವಯಸ್ಸು, ಹಳೇ ಮನೆಗಳು, ಸಂಬಂಧಿಕರು ಎಲ್ಲ ಸೇರಿಸಿ ಮಾರುವ ಕಂಪನಿಗಳೇ ಇವೆ. ಅಮೆರಿಕದಲ್ಲಿ 2022ರಲ್ಲಿ ಗೂಗಲ್ 'ರಿಸಲ್ಟ್ಸ್ ಅಬೌಟ್ ಯು' ಎಂಬುದನ್ನು ತಂದಿತು. ಈಗ ಅದರಲ್ಲಿ ನಮ್ಮ ಹೆಸರು, ವಿಳಾಸ, ನಂಬರು ಕೊಟ್ಟಿಟ್ಟರೆ ಅದೇ ಹುಡುಕುತ್ತಾ ಇದ್ದು, ಹೊಸದು ಬಂದಾಗ ತಿಳಿಸುತ್ತದೆ. ಅವಳ ರಾಜ್ಯದಲ್ಲಂತೂ ಡಿಲೀಟ್ ಆ್ಯಕ್ಟ್ ಎಂಬ ಕಾನೂನೇ ಇದೆ. 2026ರ ಜನವರಿಯಿಂದ ಒಂದೇ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ನೋಂದಾಯಿತ ಡೇಟಾ ವ್ಯಾಪಾರಿಗಳಿಗೆಲ್ಲ ಹೋಗುವ ವ್ಯವಸ್ಥೆ. ಪೋರ್ಟಲ್ ಅಂದಾಗ ನನಗೆ ಸರ್ವರ್ ಡೌನ್ ನೆನಪಾಯಿತು, ಅದು ಬೇರೆ ಮಾತು.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿತು. ಆ ಕೇಸ್ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಜನವರಿಯಲ್ಲಿ ನಮ್ಮ ಹೈಕೋರ್ಟಿನಲ್ಲೇ ಇನ್ನೊಂದು ಆದೇಶ ಬಂದಿತ್ತು. ಹಳೇ ಕೇಸಿನ ತೀರ್ಪಿನಲ್ಲಿ ಮಗಳ ಹೆಸರು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ ಎಂದು ಒಬ್ಬ ತಂದೆ ಕೋರ್ಟಿಗೆ ಬಂದಿದ್ದರು. ಹುಡುಕಾಟದಲ್ಲಿ ಹೆಸರು ಬರದಂತೆ ನೋಡಿಕೊಳ್ಳಿ ಎಂದು ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿ ಕೋರ್ಟಿನ ಕಚೇರಿಗೆ (ರಿಜಿಸ್ಟ್ರಿ) ಹೇಳಿದರು. ಕೋರ್ಟಿನ ಸ್ವಂತ ವೆಬ್‌ಸೈಟಿನಲ್ಲಿ ಮಾತ್ರ ಹಾಗೇ ಇರಲಿ ಎಂದೂ ಹೇಳಿದರು. ಸರ್ಕಾರಿ ದಾಖಲೆ ಬೇರೆ, ಹುಡುಕಿದ ಕೂಡಲೇ ಕಣ್ಣಿಗೆ ಬೀಳುವುದು ಬೇರೆ ಅಂತ. ಗೂಗಲ್ ಫಾರ್ಮ್‌ನಲ್ಲಿ ಇಲ್ಲ ಎಂದು ನಾನು ಕೊರಗಿದ ಸಾಲು ಇದೇ.

ಇಂಥದ್ದಕ್ಕೆ ಕೋರ್ಟಿಗೆ ಹೋಗಿ ಹೆಸರಾದವರು ಸ್ಪೇನಿನ ಮಾರಿಯೋ ಕೊಸ್ತೇಹಾ ಗೊನ್ಸಾಲೆಸ್. 1998ರಲ್ಲಿ ಪತ್ರಿಕೆಯಲ್ಲಿ ಬಂದ, ಸಾಲಕ್ಕೆ ತನ್ನ ಆಸ್ತಿ ಹರಾಜು ಅನ್ನುವ ಪ್ರಕಟಣೆ ಗೂಗಲ್‌ನಲ್ಲಿ ಬರಬಾರದು ಎಂದು ಹೋರಾಡಿ 2014ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದರು. ಈಗ ಜಗತ್ತಿನ ಕಾನೂನು ವಿದ್ಯಾರ್ಥಿಗಳೆಲ್ಲ ಆ ಹರಾಜಿನ ವಿಷಯ ಬಾಯಿಪಾಠ ಮಾಡುತ್ತಾರೆ!

2023ರ ನಮ್ಮ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಅಳಿಸಿ ಎಂದು ಕೇಳುವ ಹಕ್ಕಿದೆ. ಆದರೆ ನಾವೇ ಬಹಿರಂಗವಾಗಿ ಹಾಕಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಬಾಡಿಗೆಗೆ ಇದೆ ಎಂದು ಗೇಟಿನ ಫೋಟೋ ಹಾಕುವ ತಮ್ಮಂದಿರು ಗಮನಿಸಿ.

ಈ ಕೆಲಸಕ್ಕೆ ಏಜೆಂಟರೂ ಹುಟ್ಟಿಕೊಂಡಿದ್ದಾರೆ. ಗೂಗಲ್‌ನಲ್ಲಿ ನಮಗೆ ಪರಿಚಯ ಇದೆ, ಆಧಾರ್ ಕಳಿಸಿ, ಅಡ್ವಾನ್ಸ್ ಹಾಕಿ ಎನ್ನುತ್ತಾರೆ. ಅಡಗಿಕೊಳ್ಳಲು ಹೊರಟವರಿಂದ ಆಧಾರ್ ಇಸಿದುಕೊಳ್ಳುವುದು! ಈ ಫಾರ್ಮ್‌ಗೆ ಗೂಗಲ್ ಫೋನ್ ಮಾಡುವುದಿಲ್ಲ, ಮೇಲ್ ಕಳಿಸುತ್ತದೆ ಅಷ್ಟೇ. ನಾನು ಪ್ರಿಂಟ್‌ಗೆ, ಕೂತ ಹೊತ್ತಿಗೆ ತಗೊಂಡಿದ್ದೇನೆ. ಅದಕ್ಕಿಂತ ಜಾಸ್ತಿ ಕೇಳಿದವರಿಗೆ ಕೊಡಬೇಡಿ.

ನಮ್ಮಂಥ ಸೆಂಟರಿಗೆ ಬಂದು ಇದನ್ನು ಮಾಡಿಸುವುದಾದರೆ ನಮ್ಮನ್ನೂ ನಂಬಬೇಡಿ. ನೋಡಿದ ಪುಟಗಳನ್ನು ಬ್ರೌಸರ್ ನೆನಪಿಟ್ಟುಕೊಳ್ಳದ ಇನ್‌ಕಾಗ್ನಿಟೋ ವಿಂಡೋದಲ್ಲಿ ತೆರೆಯಲು ಹೇಳಿ. ಮೇಲ್ ಪಾಸ್‌ವರ್ಡ್ ನೀವೇ ಹೊಡೆಯಿರಿ, ಸೇವ್ ಮಾಡಲಾ ಎಂದು ಕೇಳಿದರೆ ಬೇಡ ಅನ್ನಿ. ದಾಖಲೆಯನ್ನು ಸೆಂಟರಿನ ವಾಟ್ಸಾಪ್ ನಂಬರಿಗೆ ಕಳಿಸುವ ಬದಲು ಪೆನ್‌ಡ್ರೈವ್ ತನ್ನಿ, ಕಳಿಸಿಯೇ ಆಗಿದ್ದರೆ ನಿಮ್ಮ ಕಡೆಯಿಂದ 'ಎಲ್ಲರಿಗೂ ಡಿಲೀಟ್' ಒತ್ತಿ. ಎದ್ದು ಹೋಗುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರ್ ತೆರೆಸಿ ನಿಮ್ಮ ಸ್ಕ್ರೀನ್‌ಶಾಟ್, ಪಿಡಿಎಫ್ ಎಲ್ಲ ಅಳಿಸಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಜೆರಾಕ್ಸ್ ಮೆಷಿನ್ ಪಕ್ಕದ ಡಬ್ಬದಲ್ಲಿ ಕೆಟ್ಟ ಪ್ರಿಂಟ್ ಬಿದ್ದಿರುತ್ತವೆ, ನಿಮ್ಮದು ಇದ್ದರೆ ಎತ್ತಿಕೊಂಡು ಹೋಗಿ. ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.